ಕೆಟ್ಟು ನಿಂತ ಕಾರನ್ನು ಹಗ್ಗ ಕಟ್ಟಿ ಎಳೆಯುವುದು ಹೇಗೆ?

ಕಾರು ಎಳೆಯುವ ಹಗ್ಗ ಬಹುತೇಕ ಸಲ ತುಂಡಾಗುವುದು ಜಗ್ಗಿದ ಏಟಿಗೆ. ನ್ಯೂಟ್ರಲ್‌ನಲ್ಲಿರುವ ಕಾರು ಸಮತಟ್ಟು ರಸ್ತೆಯಲ್ಲಿ ಉರುಳಲು ಹೆಚ್ಚು ಬಲ ಬೇಡ, ಇಬ್ಬರು ಮೂವರು ತಳ್ಳಿದರೂ ಸಾಕು. ಸಡಿಲ ಬಿದ್ದ ಹಗ್ಗ ಒಮ್ಮೆಲೇ ಬಿಗಿದಾಗ ಮಾತ್ರ ಅದರ ಮೇಲಿನ ಬಲ ಹಲವು ಪಟ್ಟು ಏರುತ್ತದೆ.

ಮೊದಲು, ಎಳೆಯಬಹುದಾದ ಕಾರೇ ಎಂದು ನೋಡಿ. ಬ್ರೇಕ್ ಅಥವಾ ಸ್ಟೀರಿಂಗ್ ಕೆಟ್ಟಿದ್ದರೆ ಹಗ್ಗ ಮುಟ್ಟಲೇಬೇಡಿ. ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ ನಿಂತರೆ ಗೇರ್‌ಬಾಕ್ಸ್‌ಗೆ ಎಣ್ಣೆ ಹರಿಸುವ ಪಂಪ್ ಕೂಡ ನಿಲ್ಲುತ್ತದೆ. ಚಕ್ರ ಉರುಳಿದಷ್ಟೂ ಒಳಗಿನ ಭಾಗಗಳು ಸವೆಯುತ್ತವೆ. ಎಲೆಕ್ಟ್ರಿಕ್ ಕಾರು, ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ಕಾರುಗಳಿಗೂ ಕಾರನ್ನೇ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯೇ ಸರಿ.

ಪಾಲಿಯೆಸ್ಟರ್ ಅಥವಾ ನೈಲಾನ್ ಪಟ್ಟಿ ಬಳಸಿ. ಅದರ ತಾಳಿಕೆ ಕಾರಿನ ತೂಕದ ಕನಿಷ್ಠ ಎರಡು ಮೂರು ಪಟ್ಟು ಇರಲಿ. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದೆಂಬುದು ನಮ್ಮ ರಸ್ತೆ ನಿಯಮ. ತುಂಡಾದ ಹಗ್ಗಕ್ಕೆ ಗಂಟು ಹಾಕಿ ಬಳಸಬೇಡಿ, ಗಂಟು ಬಿದ್ದ ಹಗ್ಗದ ಬಲ ಅರ್ಧದಷ್ಟು ಕುಗ್ಗಬಹುದು. ಕಬ್ಬಿಣದ ಸರಪಳಿಗೆ ಹಿಗ್ಗುವ ಗುಣವಿಲ್ಲ, ಜಗ್ಗಿದ ಏಟು ಪೂರ್ತಿ ಕೊಂಡಿಗೇ ಬೀಳುತ್ತದೆ.

ಕಟ್ಟಬೇಕಾದ ಜಾಗ ಟೋ ಹುಕ್, ಅಂದರೆ ಎಳೆಯಲೆಂದೇ ಇರುವ ಕೊಂಡಿ, ಒಂದೇ. ಬಂಪರ್, ಆಕ್ಸಲ್, ಸಸ್ಪೆನ್ಷನ್‌ಗೆ ಕಟ್ಟಿದರೆ ಕಿತ್ತು ಬರುತ್ತವೆ, ಇಲ್ಲವೇ ಬಾಗುತ್ತವೆ. ಈಗಿನ ಹಲವು ಕಾರುಗಳಲ್ಲಿ ಈ ಹುಕ್ ಡಿಕ್ಕಿಯಲ್ಲಿ ಜಾಕ್ ಜತೆ ಇರುತ್ತದೆ. ಬಂಪರ್‌ನ ಚಿಕ್ಕ ಮುಚ್ಚಳ ತೆಗೆದು, ಹುಕ್ ತಿರುಗಿಸಿ, ಕೊನೆಗೆ ವೀಲ್ ಸ್ಪ್ಯಾನರ್ ತೂರಿಸಿ ಪೂರ್ತಿ ಬಿಗಿ ಮಾಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಹುಕ್‌ನ ತಿರುಪು (ಥ್ರೆಡ್) ಉಲ್ಟಾ ಇರುವುದರಿಂದ ಎಡಕ್ಕೆ ತಿರುಗಿಸಬೇಕು. ಅರ್ಧ ಕೂತ ಹುಕ್ ಗುಂಡಿನಂತೆ ಚಿಮ್ಮಬಲ್ಲದು. ಆದ್ದರಿಂದ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ. ತುಂಡಾದರೆ ಅದರ ಭಾರಕ್ಕೆ ಹಗ್ಗ ಕೆಳಗೆ ಬೀಳುತ್ತದೆ. ಹಿಂದಿನವರಿಗೂ ಹಗ್ಗ ಕಾಣುತ್ತದೆ. ಹತ್ತಿರ ಯಾರೂ ನಿಲ್ಲಬಾರದು.

ಹಿಂದಿನ ಕಾರಿನಲ್ಲಿ ಇಗ್ನಿಷನ್ ಆನ್ ಇರಲಿ, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಎಂಜಿನ್ ನಿಂತಿರುವುದರಿಂದ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ, ಸ್ಟೀರಿಂಗೂ ಭಾರ. ಅನುಭವಿಗಳೇ ಅಲ್ಲಿ ಕೂರಲಿ. ಹಜಾರ್ಡ್ ಲೈಟ್ ಹಾಕಿ, ನಿಲ್ಲಿಸಲು ಎಷ್ಟು ಹಾರನ್ ಎಂದು ಮೊದಲೇ ಮಾತಾಡಿಕೊಳ್ಳಿ.

ಮುಂದಿನವರು ಮೊದಲ ಗೇರ್‌ನಲ್ಲಿ ಹಗ್ಗ ಬಿಗಿಯುವವರೆಗೆ ತೆವಳಿ, ಆಮೇಲೆ ಹೊರಡಬೇಕು. ವೇಗ 25 ಕಿ.ಮೀ. ದಾಟದಿರಲಿ. ಹಗ್ಗ ಬಿಗಿಯಾಗಿಡುವ ಹೊಣೆ ಹಿಂದಿನ ಚಾಲಕರದು: ಮುಂದಿನ ಬ್ರೇಕ್ ಲೈಟ್ ಹೊತ್ತಿಕೊಂಡ ಕೂಡಲೇ ಅವರೂ ಬ್ರೇಕ್ ಒತ್ತಬೇಕು. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಜಾರಿನಲ್ಲಿ ಈ ಕೆಲಸ ಬೇಡವೇ ಬೇಡ.

ತಲುಪಿದ ಮೇಲೆ ಹಿಂದಿನ ಕಾರಿನ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಕಾರನ್ನು ತುಸು ಹಿಂದೆ ತಂದು ಕೊಂಡಿ ಬಿಚ್ಚಿ. ಪಟ್ಟಿಯ ನೂಲು ಎಲ್ಲಾದರೂ ಹರಿದಿದ್ದರೆ ಅದನ್ನು ಮತ್ತೆ ಡಿಕ್ಕಿಗೆ ಹಾಕಬೇಡಿ.