ಅಯುತ್ತಯ ನೋಡೋದು ಹೇಗೆ: ಒಂದು ರಾತ್ರಿ ಉಳ್ಕೊಳ್ಳಿ, ಸೈಕಲ್ ತಗೊಳ್ಳಿ, ಬಿಸಿಲು ನೋಡ್ಕೊಂಡು ಹೊರಡಿ

ಬ್ಯಾಂಕಾಕ್‌ಗೆ ಹೋದೋರೆಲ್ಲ ಒಂದು ದಿನ ಬಿಡುವು ಮಾಡ್ಕೊಂಡು ಥಾಯ್ಲೆಂಡಿನ ಹಳೇ ರಾಜಧಾನಿ ಅಯುತ್ತಯಕ್ಕೂ ಹೋಗಿ ಬರ್ತಾರೆ, ಬೆಳಗ್ಗೆ ಎಂಟಕ್ಕೆ ವ್ಯಾನ್ ಹತ್ತೋದು, ಹತ್ತು ಹತ್ತೂವರೆಗೆ ಇಳಿಯೋದು, ಸುಡೋ ಬಿಸಿಲಲ್ಲಿ ನಾಲ್ಕು ದೇವಸ್ಥಾನ ಸುತ್ತೋದು, ನಾಲ್ಕು ಗಂಟೆಗೆ ವಾಪಸ್. ನಾನೂ ಮೊದಲ ಸಲ ಹಂಗೇ ಮಾಡಿದ್ದು, ಅದೂ ಏಪ್ರಿಲ್ ತಿಂಗಳಲ್ಲಿ. ಮೂರನೇ ದೇವಸ್ಥಾನದ ಹೊತ್ತಿಗೆ ಬುದ್ಧ ಯಾವುದು ಗೋಡೆ ಯಾವುದು ಅಂತ ಗೊತ್ತಾಗದಷ್ಟು ತಲೆ ತಿರುಗ್ತಿತ್ತು, ಸೆವೆನ್ ಇಲೆವೆನ್ ಅಂಗಡಿಯ ಎಸಿ ಕೆಳಗೆ ಅರ್ಧ ಗಂಟೆ ನಿಂತಿದ್ದೇ ಆ ದಿನದ ಬೆಸ್ಟ್ ನೆನಪು. ಎರಡನೇ ಸಲ ನವೆಂಬರಲ್ಲಿ ಹೋಗಿ ಒಂದು ರಾತ್ರಿ ಉಳ್ಕೊಂಡೆ, ಅದು ಬೇರೇನೇ ಊರು ಅನ್ನಿಸ್ತು. ಅದಕ್ಕೇ ಇದನ್ನ ಬರೀತಿರೋದು. ಇಲ್ಲಿ ಏನೇನು ನೋಡ್ಬೇಕು ಅನ್ನೋ ಲಿಸ್ಟ್ ಮಾಡೋದಕ್ಕಿಂತ ಯಾವ ಹೊತ್ತಲ್ಲಿ ಎಲ್ಲಿರ್ಬೇಕು ಅಂತ ತೀರ್ಮಾನ ಮಾಡ್ಕೊಳ್ಳೋದು ಮುಖ್ಯ.

ಮೊದಲು ಊರಿನ ನಕ್ಷೆ ತಲೇಲಿ ಕೂರಿಸ್ಕೊಳ್ಳಿ. ಅಯುತ್ತಯ ಒಂದು ದ್ವೀಪ. ಛಾವೋ ಫ್ರಾಯಾ, ಪಾ ಸಾಕ್, ಲೋಪ್‌ಬುರಿ ಅಂತ ಮೂರು ನದಿಗಳು ಸುತ್ತಲೂ ಹರಿಯುತ್ತೆ, ದಡದ ಗುಂಟ ಊ ಥಾಂಗ್ ಅನ್ನೋ ರಸ್ತೆ ಪೂರ್ತಿ ಒಂದು ಸುತ್ತು ಹೊಡೆಯುತ್ತೆ. ಹಳೇ ಅರಮನೆ, ದೊಡ್ಡ ದೊಡ್ಡ ಪಾಳು ದೇವಸ್ಥಾನಗಳು ಬಹುಪಾಲು ದ್ವೀಪದ ಒಳಗೆ. ರೈಲ್ವೆ ಸ್ಟೇಷನ್ ಪೂರ್ವಕ್ಕೆ, ನದಿಯ ಆಚೆ. ಇನ್ನು ನೋಡಲೇಬೇಕಾದ ಮೂರ್ನಾಲ್ಕು ಜಾಗ ಕೂಡ ನದಿಯ ಆಚೆ ದಡದಲ್ಲೇ ಇರೋದು. ಇಷ್ಟು ಗೊತ್ತಿದ್ರೆ ಯಾರನ್ನೂ ದಾರಿ ಕೇಳೋ ಅಗತ್ಯ ಬರಲ್ಲ.

ಇತಿಹಾಸ ಉದ್ದ ಮಾಡಲ್ಲ. 1351ರಲ್ಲಿ ಶುರುವಾದ ರಾಜಧಾನಿ, ನಾನೂರು ವರ್ಷಕ್ಕೂ ಮೇಲೆ ಆಳಿ, 1767ರಲ್ಲಿ ಬರ್ಮಾದ ಸೈನ್ಯ ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆ ಹಾಕಿ ಕೊನೆಗೆ ಸುಟ್ಟು ಹಾಕಿತು. ಆಮೇಲೆ ಇಲ್ಲಿನ ಇಟ್ಟಿಗೆಗಳನ್ನೇ ದೋಣಿ ಮೇಲೆ ಹೇರ್ಕೊಂಡು ಹೋಗಿ ಬ್ಯಾಂಕಾಕ್ ಕಟ್ಟೋಕೆ ಬಳಸಿದ್ರು. 1991ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನಮ್ಮೋರು ಯಾರಾದ್ರೂ ಹೋದ್ರೆ ಮೊದಲು ಬಾಯಿಗೆ ಬರೋದು ಹಂಪಿ ಅಂತಾನೇ, ನಂಗೂ ಹಂಗೇ ಆಯ್ತು, ಆದ್ರೆ ಹಂಪಿ ಕಲ್ಲಿನ ಊರು, ಇದು ಇಟ್ಟಿಗೆ ಗಾರೆ ಊರು. ಗಾರೆ ಉದುರಿ ಒಳಗಿನ ಕೆಂಪು ಇಟ್ಟಿಗೆ ಕಾಣ್ತಿರುತ್ತೆ, ಎಷ್ಟೋ ಗೋಪುರಗಳು ಒಂದು ಕಡೆ ವಾಲ್ಕೊಂಡು ನಿಂತಿವೆ.

ಇನ್ನೊಂದು ಮಜಾ ಇದೆ, ಅದು ನಮ್ಮಂಥೋರಿಗೇ ಸಿಗೋದು. ಹೆಸರುಗಳೆಲ್ಲ ಸಂಸ್ಕೃತ ಪಾಲಿ, ಥಾಯ್ ನಾಲಿಗೆಯಲ್ಲಿ ತಿರುಗಿರೋದು ಅಷ್ಟೆ. ಅಯುತ್ತಯ ಅಂದ್ರೆ ಅಯೋಧ್ಯೆ, ಊರು ಕಟ್ಟಿಸಿದ ರಾಜನ ಬಿರುದು ರಾಮಾಥಿಬೋಡಿ ಅಂದ್ರೆ ರಾಮಾಧಿಪತಿ. ವಾಟ್ ಅಂದ್ರೆ ದೇವಸ್ಥಾನ; ವಾಟ್ ಮಹಾಥಾಟ್ ಮಹಾಧಾತು, ಮೊಂಗ್‌ಖೊನ್ ಬೋಪಿತ್ ಮಂಗಲ ಪವಿತ್ರ, ವಾಟ್ ಫ್ರಾ ಸೀ ಸಾನ್‌ಫೆಟ್ ಅಂದ್ರೆ ಶ್ರೀ ಸರ್ವಜ್ಞ! ಬೋರ್ಡ್ ಓದ್ತಾ ಹಿಂದಿನ ರೂಪ ಹುಡುಕೋದು ಮಕ್ಕಳ ಜೊತೆ ಹೋಗಿದ್ರೆ ಒಳ್ಳೇ ಟೈಂಪಾಸ್.

ಹೋಗೋದು ಹೇಗೆ ಅಂದ್ರೆ, ರೈಲು, ಬೇರೆ ಯೋಚನೆ ಬೇಡ. ಬ್ಯಾಂಕಾಕಿಂದ ಉತ್ತರಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ಅಷ್ಟೆ, ಒಂದೂವರೆಯಿಂದ ಎರಡು ಗಂಟೆ. ಇಲ್ಲಿ ಒಂದು ಎಚ್ಚರಿಕೆ: 2023ರ ಜನವರಿಯಿಂದ ದೂರದ ರೈಲುಗಳು ಕ್ರುಂಗ್ ಥೆಪ್ ಅಫಿವಾಟ್ ಅನ್ನೋ ಹೊಸ ದೊಡ್ಡ ಸ್ಟೇಷನ್ನಿಗೆ ಶಿಫ್ಟ್ ಆಗಿವೆ, ಆರ್ಡಿನರಿ ರೈಲುಗಳು ಹಳೇ ಹುವಾ ಲಂಫೋಂಗ್‌ನಲ್ಲೇ ಉಳ್ಕೊಂಡ್ವು. ಹಾಗಾಗಿ ನಿಮ್ಮ ರೈಲು ಎಲ್ಲಿಂದ ಅಂತ ನೋಡ್ಕೊಂಡು ಮೆಟ್ರೋ ಹತ್ತಿ, ಎರಡು ಸ್ಟೇಷನ್ನಿಗೂ ಮೆಟ್ರೋ ಇದೆ. ಥರ್ಡ್ ಕ್ಲಾಸ್ ಟಿಕೆಟ್ ಇಪ್ಪತ್ತು ಬಾತ್ ಆಸುಪಾಸು, ಒಂದು ಬಾತ್ ಅಂದ್ರೆ ಎರಡೂವರೆ ಮೂರು ರೂಪಾಯಿ ಅನ್ಕೊಳ್ಳಿ. ರಿಸರ್ವೇಶನ್ ಏನಿಲ್ಲ, ಹೋಗಿ ಟಿಕೆಟ್ ತಗೊಂಡು ಹತ್ತೋದು, ಫ್ಯಾನ್ ತಿರುಗ್ತಿರುತ್ತೆ, ಕಿಟಕಿ ತೆಗೆದಿರುತ್ತೆ, ಬುಟ್ಟಿ ಹಿಡ್ಕೊಂಡು ತಿಂಡಿ ಮಾರೋರು ಓಡಾಡ್ತಿರ್ತಾರೆ, ಥೇಟ್ ನಮ್ಮ ಪ್ಯಾಸೆಂಜರ್ ಗಾಡಿ. ಬೆಳಗ್ಗೆ ಎಂಟು, ಸಂಜೆ ಆರು ಗಂಟೆಗೆ ಸ್ಟೇಷನ್ನಲ್ಲಿದ್ರೆ ರಾಷ್ಟ್ರಗೀತೆ ಹಾಕ್ತಾರೆ, ಎಲ್ಲರೂ ನಿಂತ್ಬಿಡ್ತಾರೆ, ನೀವೂ ಬ್ಯಾಗ್ ಎಳೆಯೋದು ನಿಲ್ಲಿಸಿ ನಿಂತ್ಕೊಳ್ಳಿ.

ಬೆಂಗಳೂರಿಂದ ಬರೋ ನಿಮ್ಮ ಫ್ಲೈಟ್ ಡಾನ್ ಮುಆಂಗ್ ಏರ್‌ಪೋರ್ಟಿಗೆ ಇಳಿಯುತ್ತೆ ಅಂದ್ರೆ ಇನ್ನೂ ಅನುಕೂಲ. ಏರ್‌ಪೋರ್ಟ್ ಎದುರಿಗೇ ರೈಲ್ವೆ ಸ್ಟೇಷನ್, ಉತ್ತರದ ಲೈನ್ ಅದೇ. ಬ್ಯಾಂಕಾಕ್ ಸಿಟಿ ಒಳಗೆ ಹೋಗದೇನೇ ಸೀದಾ ಅಯುತ್ತಯ ಸೇರ್ಕೊಂಡು, ಜನಜಂಗುಳಿ ನಗರವನ್ನ ಟ್ರಿಪ್ಪಿನ ಕೊನೇಲಿ ಇಟ್ಕೊಬಹುದು. ಬ್ಯಾಂಕಾಕಿನ ಮೋ ಚಿತ್ ಬಸ್ ಸ್ಟ್ಯಾಂಡಿಂದ ಮಿನಿ ವ್ಯಾನ್‌ಗಳೂ ಇವೆ, ಸೂಟ್‌ಕೇಸ್ ಇದ್ರೆ ತೊಡೆ ಮೇಲೆ ಇಟ್ಕೊಂಡು ಕೂರ್ಬೇಕಾಗುತ್ತೆ.

ಅಯುತ್ತಯ ಸ್ಟೇಷನ್ನಲ್ಲಿ ಇಳಿದ ತಕ್ಷಣ ಟುಕ್‌ಟುಕ್‌ನೋರು ಫೋಟೋ ಹಾಕಿರೋ ಕಾರ್ಡ್ ಹಿಡ್ಕೊಂಡು ಬರ್ತಾರೆ. ನಕ್ಕು, ತಲೆಯಾಡಿಸಿ ಮುಂದೆ ಹೋಗಿ. ಸ್ಟೇಷನ್ ಎದುರಿನ ರಸ್ತೇಲಿ ನೇರ ಐದು ನಿಮಿಷ ನಡೆದ್ರೆ ಪಾ ಸಾಕ್ ನದಿ ದಡ, ಅಲ್ಲಿ ಒಂದು ಪುಟ್ಟ ದೋಣಿ, ಕೆಲವೇ ಬಾತ್ ಕೊಟ್ರೆ ಎರಡು ನಿಮಿಷದಲ್ಲಿ ಆಚೆ ದಡ. ಹಂಪಿಯಿಂದ ಆನೆಗೊಂದಿಗೆ ತೆಪ್ಪದಲ್ಲಿ ದಾಟಿದ್ದೋರಿಗೆ ಆ ಖುಷಿ ಗೊತ್ತಿರುತ್ತೆ. ದೋಣಿ ಇಳಿಯೋ ಜಾಗದ ಸುತ್ತಮುತ್ತಾನೇ ಸೈಕಲ್ ಬಾಡಿಗೆಗೆ ಸಿಗುತ್ತೆ, ದಿನಕ್ಕೆ 50 ಬಾತ್ ತಗೊಂಡ್ರು ನಮ್ಮ ಹತ್ರ. ತಗೊಳ್ಳೋ ಮುಂಚೆ ಎರಡೂ ಬ್ರೇಕ್ ಹಿಡಿದು ನೋಡಿ, ಒಂದು ರೌಂಡ್ ಹೊಡೆದು ಚೈನ್ ಬೀಳುತ್ತಾ ಚೆಕ್ ಮಾಡಿ, ಬೀಗ ಕೇಳಿ ಇಸ್ಕೊಳ್ಳಿ. ನಾನು ಇದ್ಯಾವುದೂ ನೋಡದೆ ತಗೊಂಡು ಬಂದು ದಿನಕ್ಕೆ ನಾಲ್ಕು ಸಲ ಚೈನ್ ಹಾಕಿ ಕೈಯೆಲ್ಲ ಗ್ರೀಸ್. ಡಿಪಾಸಿಟ್‌ಗೆ ಪಾಸ್‌ಪೋರ್ಟ್ ಕೇಳಿದ್ರೆ ಕೊಡ್ಬೇಡಿ, ಕ್ಯಾಶ್ ಇಡ್ತೀನಿ ಅನ್ನಿ. ಊರು ಅಂಗೈ ಥರ ಸಪಾಟು, ಏರಿಲ್ಲ ಇಳಿಜಾರಿಲ್ಲ, ಗಾಡಿಗಳು ನಮ್ಮಂಗೇ ಎಡಕ್ಕೆ ಹೋಗೋದು. ಕತ್ತಲಾದ ಮೇಲೆ ಮಾತ್ರ ಪಾಳು ದೇವಸ್ಥಾನಗಳ ಹತ್ರ ಬೀದಿನಾಯಿಗಳ ಕಾಟ ಇದೆ, ಮೇನ್ ರೋಡಲ್ಲೇ ಬನ್ನಿ.

ಸೈಕಲ್ ಆಗಲ್ಲ, ಅಪ್ಪ ಅಮ್ಮ ಇದ್ದಾರೆ ಅಂದ್ರೆ ಟುಕ್‌ಟುಕ್. ಇಲ್ಲಿನ ಟುಕ್‌ಟುಕ್ ನೋಡೋಕೇ ಚಂದ, ಮುಂದುಗಡೆ ಕಪ್ಪೆ ಮುಖದ ಥರ ಉಬ್ಬಿರುತ್ತೆ, ಹಿಂದೆ ಎದುರುಬದುರು ಎರಡು ಬೆಂಚು. ಗಂಟೆ ಲೆಕ್ಕದಲ್ಲಿ ಮಾತಾಡಿ, ಯಾವ್ಯಾವ ಜಾಗ ಅಂತ ಹತ್ತೋ ಮುಂಚೆನೇ ಮ್ಯಾಪಲ್ಲಿ ತೋರಿಸಿ ರೇಟ್ ಫಿಕ್ಸ್ ಮಾಡ್ಕೊಳ್ಳಿ. ನಮ್ಮ ಓಲಾ ಊಬರ್ ಥರದ ಗ್ರ್ಯಾಬ್ ಆ್ಯಪ್ ಕೂಡ ಇಲ್ಲಿ ನಡೆಯುತ್ತೆ, ಚೌಕಾಸಿ ಮಾಡುವಾಗ ಅದರಲ್ಲಿ ಎಷ್ಟು ತೋರಿಸ್ತಿದೆ ಅಂತ ಗೊತ್ತಿದ್ರೆ ಒಳ್ಳೇದು.

ಈಗ ದಿನದ ಲೆಕ್ಕ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಬಂದು ಸೇರಿ, ರೂಮಲ್ಲಿ ಬ್ಯಾಗ್ ಎಸೆದು ಛಾವೋ ಸಾಮ್ ಫ್ರಾಯಾ ಮ್ಯೂಸಿಯಂಗೆ ಹೋಗಿ, ರಜಾ ದಿನ ಯಾವುದು ಅಂತ ಮುಂಚೆನೇ ನೋಡ್ಕೊಳ್ಳಿ. ಬಿಸಿಲಿನ ಹೊತ್ತು ಒಳಗಡೆ ಕಳೆಯುತ್ತೆ ಅನ್ನೋದು ಒಂದು, ಮಾರನೇ ದಿನ ನೋಡೋದಕ್ಕೆ ಅರ್ಥ ಬರುತ್ತೆ ಅನ್ನೋದು ಇನ್ನೊಂದು. ವಾಟ್ ರಾಚಬುರಾನ ಅನ್ನೋ ದೇವಸ್ಥಾನದ ನೆಲಮಾಳಿಗೆಗೆ 1957ರಲ್ಲಿ ಕಳ್ಳರು ಕನ್ನ ಹಾಕಿದ್ರು, ಆಮೇಲೆ ಅಲ್ಲಿ ಉಳಿದಿದ್ದ, ಕಳ್ಳರಿಂದ ವಾಪಸ್ ಸಿಕ್ಕಿದ್ದ ಚಿನ್ನದ ವಸ್ತುಗಳೇ ಈ ಮ್ಯೂಸಿಯಂನ ಜೀವ. ಚಿನ್ನದ ಕತ್ತಿ ಇದೆ, ಒಂದು ಪುಟಾಣಿ ಚಿನ್ನದ ಆನೆ ಇದೆ, ಮೈತುಂಬ ಹರಳು, ಮಂಡಿ ಊರಿ ಸೊಂಡಿಲು ಎತ್ತಿರೋದು. ಅದರ ಮುಂದೆ ನಾನು ಹತ್ತು ನಿಮಿಷ ನಿಂತಿದ್ದೀನಿ.

ಸಂಜೆ ನಾಲ್ಕರ ಮೇಲೆ ದೋಣಿ. ಇದನ್ನ ಬಿಡ್ಬೇಡಿ. ಗೆಸ್ಟ್‌ಹೌಸಲ್ಲೇ ಹೇಳಿದ್ರೆ ಬುಕ್ ಮಾಡಿಸ್ತಾರೆ, ತಲೆಗೆ ಇನ್ನೂರು ಬಾತ್ ಆಸುಪಾಸು, ಉದ್ದ ಬಾಲದ ದೋಣಿಯಲ್ಲಿ ದ್ವೀಪದ ಸುತ್ತ ಕರ್ಕೊಂಡು ಹೋಗಿ ಸಾಮಾನ್ಯವಾಗಿ ಮೂರು ಕಡೆ ಇಳಿಸ್ತಾರೆ, ಮೂರೂ ಆಚೆ ದಡದವೇ ಅಥವಾ ನೀರಿನಿಂದಾನೇ ಚೆನ್ನಾಗಿ ಕಾಣೋವು. ವಾಟ್ ಫನಾನ್ ಛೋಂಗ್‌ನಲ್ಲಿ 19 ಮೀಟರ್ ಎತ್ತರದ ಕೂತಿರೋ ಬುದ್ಧ, 1324ರದ್ದು, ಅಂದ್ರೆ ರಾಜಧಾನಿ ಹುಟ್ಟೋಕೂ ಮುಂಚಿನದು. ಇದು ಪಾಳಲ್ಲ, ಪೂಜೆ ನಡೆಯೋ ಜಾಗ, ಚೀನೀ ಮೂಲದ ಭಕ್ತರು ತುಂಬಾ ಬರ್ತಾರೆ. ನಾವು ಹೋದಾಗ ಬುದ್ಧನಿಗೆ ಕಾವಿ ಬಟ್ಟೆ ಹೊದಿಸ್ತಿದ್ರು. ಬಟ್ಟೆ ಮೂಟೆಯನ್ನ ಕೆಳಗಿಂದ ಮೇಲಕ್ಕೆ ಎಸೆಯೋದು, ಮೂರ್ತಿಯ ತೊಡೆ ಮೇಲೆ ನಿಂತಿರೋರು ಹಿಡಿದು ಭುಜಕ್ಕೆ ಹೊದಿಸೋದು, ಆಮೇಲೆ ಉದ್ದನೆ ಸೆರಗನ್ನ ಕೆಳಕ್ಕೆ ಇಳಿಬಿಟ್ರು, ಕೂತಿದ್ದ ಜನರ ತಲೆ ಮೇಲೆಲ್ಲ ಕಾವಿ ಬಟ್ಟೆ, ಒಳಗೆ ಎಲ್ಲರೂ ಕೈ ಮುಗ್ಕೊಂಡು. ನಮ್ಮ ಪಕ್ಕದ ಅಜ್ಜಿ ನನ್ನ ತೋಳು ಹಿಡಿದು ಒಳಗೆ ಎಳ್ಕೊಂಡ್ರು, ಸರಿ ಅಂತ ಕೂತ್ಕೊಂಡೆ.

ಕೊನೇದು ವಾಟ್ ಛೈವತ್ಥನಾರಾಮ್, ಪ್ರಸಾತ್ ಥಾಂಗ್ ಅನ್ನೋ ರಾಜ 1630ರಲ್ಲಿ ಕಟ್ಟಿಸಿದ್ದು, ನದಿಯ ಪಶ್ಚಿಮ ದಡ. ಸೂರ್ಯ ಅದರ ಹಿಂದೆ ಇಳಿಯೋದು, ಹಾಗಾಗಿ ಒಳಗೆ ಹೋಗಿ ನೋಡಿದ ಮೇಲೆ ನೀರಿನ ಮೇಲಿಂದ ಇನ್ನೊಂದು ಸಲ ನೋಡಿ, ಗೋಪುರಗಳು ಕಪ್ಪಗೆ, ಆಕಾಶ ಕೆಂಪಗೆ. ಒಳಗಡೆ ಥಾಯ್ ಹುಡುಗೀರು ಹಳೇ ಕಾಲದ ರೇಷ್ಮೆ ಉಡುಪು ಹಾಕ್ಕೊಂಡು ಫೋಟೋ ತೆಗೆಸ್ತಿರ್ತಾರೆ, ಯಾವುದೋ ಉತ್ಸವ ಅನ್ಕೊಬೇಡಿ, 2018ರಲ್ಲಿ ಅಯುತ್ತಯ ಕಾಲದ ಕಥೆಯ ಒಂದು ಟಿವಿ ಧಾರಾವಾಹಿ ಸಿಕ್ಕಾಪಟ್ಟೆ ಹಿಟ್ ಆದ ಮೇಲೆ ಹತ್ತಿದ ಹುಚ್ಚು ಅದು, ಎದುರಿಗೇ ಬಟ್ಟೆ ಬಾಡಿಗೆ ಅಂಗಡಿಗಳು.

ಎರಡನೇ ದಿನ ಬೇಗ ಏಳಿ. ವಾಟ್ ಮಹಾಥಾಟ್ ಬಾಗಿಲು ತೆಗೆಯೋ ಹೊತ್ತಿಗೆ, ಎಂಟು ಗಂಟೆಗೆ, ಅಲ್ಲಿ ನಿಂತಿರಿ. ಬ್ಯಾಂಕಾಕಿನ ಟೂರ್ ವ್ಯಾನ್‌ಗಳು ಬರೋದು ಹತ್ತರ ಮೇಲೆ, ಆ ಎರಡು ಗಂಟೆ ಪೂರ್ತಿ ನಿಮ್ದು. ಮರದ ಬೇರುಗಳ ಮಧ್ಯ ಸಿಕ್ಕಿಕೊಂಡಿರೋ ಬುದ್ಧನ ತಲೆ ಇರೋದು ಇಲ್ಲೇ. ಫೋಟೋದಲ್ಲಿ ನೋಡಿ ಎತ್ತರದಲ್ಲಿ ಇರುತ್ತೆ ಅನ್ಕೊಂಡಿದ್ದೆ, ಇಲ್ಲ, ನೆಲಕ್ಕೆ ಹತ್ತಿರಾನೇ ಇದೆ. ಜೊತೇಲಿ ಫೋಟೋ ತೆಗೆಸ್ಕೊಬೇಕು ಅಂದ್ರೆ ಕುಕ್ಕರಗಾಲಲ್ಲಿ ಕೂರ್ಬೇಕು, ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲೆ ಇರಬಾರದು, ಕಾವಲುಗಾರ ಕೂಗಿ ಹೇಳ್ತಾನೆ. ತಲೆ ಇಲ್ಲದ ಬುದ್ಧನ ಮೂರ್ತಿಗಳು ಸಾಲುಸಾಲಾಗಿ ಕೂತಿವೆ, ಅವುಗಳ ಹಿಂದೆ ನಿಂತು ತಮ್ಮ ತಲೆ ಇಟ್ಟು ಫೋಟೋ ತೆಗೆಸ್ಕೊಳ್ಳೋ ತಮಾಷೆ ದಯವಿಟ್ಟು ಬೇಡ, ಅಲ್ಲಿ ಬೋರ್ಡೂ ಹಾಕಿದ್ದಾರೆ.

ರಸ್ತೆ ದಾಟಿದ್ರೆ ವಾಟ್ ರಾಚಬುರಾನ. ಆನೆ ಮೇಲೆ ಕೂತು ಸಿಂಹಾಸನಕ್ಕೆ ಹೊಡೆದಾಡಿ ಇಬ್ಬರು ಅಣ್ಣಂದಿರೂ ಸತ್ತಾಗ ಮೂರನೇ ತಮ್ಮ ರಾಜನಾಗಿ 1424ರಲ್ಲಿ ಕಟ್ಟಿಸಿದ್ದು. ಗೋಪುರ ಹತ್ತಿ, ಒಳಗಿಂದ ಕಡಿದಾದ ಕಿರಿದಾದ ಮೆಟ್ಟಿಲು ಇಳಿದ್ರೆ ನಿನ್ನೆ ಚಿನ್ನ ನೋಡಿದ್ರಲ್ಲ ಅದೇ ನೆಲಮಾಳಿಗೆ, ಗೋಡೆ ಮೇಲೆ ಮಸುಕು ಚಿತ್ರಗಳು. ಸೆಖೆ, ಉಸಿರು ಕಟ್ಟುತ್ತೆ, ಮಂಡಿ ನೋವಿರೋರು ಇಳೀಬೇಡಿ. ಅಲ್ಲಿಂದ ಸೈಕಲ್ ಹತ್ತಿ ಪಶ್ಚಿಮಕ್ಕೆ ಹೋದ್ರೆ ಘಂಟೆಯಾಕಾರದ ಮೂರು ಸ್ತೂಪಗಳಿರೋ ಶ್ರೀ ಸರ್ವಜ್ಞ, ಅಂದ್ರೆ ವಾಟ್ ಫ್ರಾ ಸೀ ಸಾನ್‌ಫೆಟ್, ಹಳೇ ಅರಮನೆ ಆವರಣದ್ದು. ಪಕ್ಕದಲ್ಲೇ ಮೊಂಗ್‌ಖೊನ್ ಬೋಪಿತ್, ದೊಡ್ಡ ಕಂಚಿನ ಬುದ್ಧ. ಬಿದ್ದುಹೋಗಿದ್ದ ಈ ಕಟ್ಟಡವನ್ನ 1950ರ ದಶಕದಲ್ಲಿ ಮತ್ತೆ ಎತ್ತಿದಾಗ ಬರ್ಮಾದ ಪ್ರಧಾನಿಯೇ ದುಡ್ಡು ಕೊಟ್ಟಿದ್ರಂತೆ, ಸುಟ್ಟೋರ ಕಡೆಯೋರೇ! ಹನ್ನೊಂದಕ್ಕೆ ಇಷ್ಟು ಮುಗಿಯುತ್ತೆ, ಮುಗಿಸಿಬಿಡಿ, ಆಮೇಲೆ ಬಿಸಿಲು ಸುಮ್ನೆ ಬಿಡಲ್ಲ. ಆನೆ ಸವಾರಿ ಅಂತ ಕರೀತಾರೆ, ನಾನಂತೂ ಹತ್ತಲ್ಲ, ಆ ಡಾಂಬರು ರೋಡಲ್ಲಿ ಅದರ ಕಾಲು ನೋಡಿದ್ರೇ ಸಾಕು.

ಊಟದ ವಿಷಯ. ಸಸ್ಯಾಹಾರಿಗಳಿಗೆ ಎರಡು ಪದ ಸಾಕು. ಮಾಂಗ್ಸವಿರಾತ್, ಅಂದ್ರೆ ಮಾಂಸವಿರತಿ, ಆದ್ರೆ ಇದಕ್ಕೆ ಮೊಟ್ಟೆ ಹಾಕಿಬಿಡಬಹುದು. ಜೇ ಅಂದ್ರೆ ಪೂರ್ತಿ ಕಟ್ಟುನಿಟ್ಟು, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರೋ ಅಂಗಡಿ ಹುಡುಕಿ. ಮಾಮೂಲಿ ಅಂಗಡೀಲಿ ತರಕಾರಿ ಅನ್ನ ಕೇಳಿದ್ರೂ ಮೀನಿನ ಸಾಸ್ ಬಿದ್ದಿರುತ್ತೆ, ಮೈ ಸೈ ನಾಮ್ ಪ್ಲಾ ಅಂತ ಹೇಳಿ. ತಿನ್ನೋರಿಗೆ ದೊಡ್ಡ ನದಿ ಸಿಗಡಿ, ಬೋಟ್ ನೂಡಲ್ಸ್ ಈ ಊರಿನ ಹೆಸರುವಾಸಿ. ಎಲ್ಲರೂ ತಿನ್ನಬಹುದಾದ್ದು ರೋಟಿ ಸಾಯ್ ಮಾಯ್. ಊ ಥಾಂಗ್ ರಸ್ತೇಲಿ ದೊಡ್ಡಾಸ್ಪತ್ರೆ ಎದುರಿಗೆ ಸಾಲಾಗಿ ಅಂಗಡಿಗಳು, ಇಲ್ಲಿನ ಮುಸ್ಲಿಂ ಕುಟುಂಬಗಳು ಮಾಡೋದು. ಅಂಗೈಯಗಲದ ತೆಳ್ಳನೆ ಹಸಿರು ರೊಟ್ಟಿ ಕಾವಲಿ ಮೇಲೆ ಒರೆಸಿ ತೆಗೀತಾರೆ, ಸಕ್ಕರೆ ಪಾಕವನ್ನ ಹಿಟ್ಟಲ್ಲಿ ಎಳೆದೆಳೆದು ಮಾಡಿದ ರೇಷ್ಮೆ ಎಳೆ ಬೇರೆ ಪೊಟ್ಟಣದಲ್ಲಿ, ನಮ್ಮ ಸೋನ್ ಪಾಪಡಿಯ ಅಕ್ಕನ ಮಗಳು ಅನ್ಕೊಳ್ಳಿ. ರೊಟ್ಟಿಯೊಳಗೆ ಎಳೆ ಇಟ್ಟು ಸುರುಳಿ ಸುತ್ತಿ ಬಾಯಿಗೆ.

ಮೂರು ಗಂಟೆ ಮೇಲೆ ರೂಮ್ ಖಾಲಿ ಮಾಡಿ ಸೈಕಲ್ ವಾಪಸ್ ಕೊಟ್ಟು ದೋಣಿಯಲ್ಲಿ ದಾಟಿ, ಸ್ಟೇಷನ್ನಲ್ಲಿ ಬ್ಯಾಗ್ ಇಡೋ ಜಾಗ ಇದೆ, ಅಲ್ಲಿ ಇಟ್ಟು ಒಂದು ಟುಕ್‌ಟುಕ್ ಮಾಡ್ಕೊಂಡು ವಾಟ್ ಯಾಯ್ ಛೈ ಮೊಂಗ್‌ಖೊನ್‌ಗೆ ಹೋಗಿ, ಅದು ಸ್ಟೇಷನ್ ಇರೋ ದಡದಲ್ಲೇ. ಹೈವೇ ಪಕ್ಕ ಆದ್ರಿಂದ ಈ ಒಂದಕ್ಕೆ ಸೈಕಲ್ ಬೇಡ. ದೊಡ್ಡ ಸ್ತೂಪದ ಸುತ್ತ ಕಾವಿ ಹೊದ್ದ ಬುದ್ಧರು ಸಾಲಾಗಿ ಕೂತಿದ್ದಾರೆ, ಮೆಟ್ಟಿಲು ಹತ್ತಿದ್ರೆ ಇಡೀ ಬಯಲು ಕಾಣುತ್ತೆ. ಇಲ್ಲೂ ಪೂಜೆ ಇದೆ, ಭುಜ ಮಂಡಿ ಮುಚ್ಚೋ ಬಟ್ಟೆ ಇರಲಿ.

ತಿಂಗಳ ಬಗ್ಗೆ ಒಂದೇ ಮಾತು: ನವೆಂಬರಿಂದ ಫೆಬ್ರವರಿ. ಸೆಪ್ಟೆಂಬರ್ ಅಕ್ಟೋಬರಲ್ಲಿ ನದಿ ಉಕ್ಕುತ್ತೆ, 2011ರಲ್ಲಂತೂ ದೇವಸ್ಥಾನಗಳೇ ನೀರಲ್ಲಿ ನಿಂತಿದ್ವು. ಇನ್ನು ವಾಪಸ್ ಹೋಗೋ ರೈಲು ಉತ್ತರದಿಂದ ದೂರದಿಂದ ಬರೋದು, ಲೇಟಾಗುತ್ತೆ, ಅದೇ ರಾತ್ರಿ ಫ್ಲೈಟ್ ಇಟ್ಕೊಬೇಡಿ. ನಾವು ಪ್ಲಾಟ್‌ಫಾರ್ಮಲ್ಲಿ ಒಂದೂವರೆ ಗಂಟೆ ಕೂತಿದ್ವಿ, ಊರಿಗೆ ಅಂತ ಕಟ್ಟಿಸಿದ್ದ ರೋಟಿ ಪೊಟ್ಟಣ ಅಲ್ಲೇ ಖಾಲಿಯಾಯ್ತು, ಎರಡು ಪೊಟ್ಟಣ ಜಾಸ್ತಿನೇ ತಗೊಳ್ಳಿ.