ಮೆಲ್ಬರ್ನ್‌ನಲ್ಲಿ ಮಾತ್ರೆಯ ಬಿಲ್ಲು ಇಳಿಸುವ ಬಗೆ

ಮೆಲ್ಬರ್ನ್‌ನ ಫಾರ್ಮಸಿಯೊಂದರಲ್ಲಿ ನನಗೆ ಮಾತ್ರೆ ಎಣಿಸುವುದಕ್ಕಿಂತ ಬಿಲ್ಲು ವಿವರಿಸುವ ಕೆಲಸವೇ ಜಾಸ್ತಿ. ಆಸ್ಟ್ರೇಲಿಯಾದಲ್ಲಿ 1948ರಿಂದ ಪಿಬಿಎಸ್ ಎಂಬ ಸರ್ಕಾರಿ ಔಷಧ ಸಬ್ಸಿಡಿ ಯೋಜನೆ ಇದೆ. ಅದರ ಪಟ್ಟಿಯಲ್ಲಿರುವ ಔಷಧಕ್ಕೆ ರೋಗಿ ಕೊಡಬೇಕಾದ ಪಾಲಿಗೆ ಮಿತಿಯುಂಟು, ಮಿಕ್ಕದ್ದು ಸರ್ಕಾರದ್ದು. 2022ರಲ್ಲಿ ಈ ಮಿತಿ 42.50 ಡಾಲರ್ ಇತ್ತು. 2023ರಲ್ಲಿ 30ಕ್ಕೆ ಇಳಿದು, ಆಮೇಲೆ ಸ್ವಲ್ಪ ಏರಿ, 2026ರ ಜನವರಿಯಿಂದ 25 ಆಗಿದೆ. ಪಿಂಚಣಿದಾರರ ಕಾರ್ಡ್ ಇದ್ದವರಿಗೆ 7.70.

ಸಾವಿರಾರು ಡಾಲರಿನ ಕ್ಯಾನ್ಸರ್ ಔಷಧಕ್ಕೂ ಅದೇ 25. ಆದರೆ ಬಿಪಿ, ಶುಗರಿನ ಎಷ್ಟೋ ಹಳೆಯ ಜೆನೆರಿಕ್ ಮಾತ್ರೆಗಳ ಬೆಲೆಯೇ ಮಿತಿಗಿಂತ ಕೆಳಗಿರುತ್ತದೆ. ಕಾರ್ಡಿಲ್ಲದವರಿಗೆ ಅಲ್ಲಿ ಸಬ್ಸಿಡಿ ಬಿಡಿಗಾಸೂ ಇಲ್ಲ, ಅಂಗಡಿಯಿಂದ ಅಂಗಡಿಗೆ ದರವೂ ಬೇರೆ. ನಾಲ್ಕು ಕಡೆ ವಿಚಾರಿಸಿ ಎಂದು ನಾನೇ ಹೇಳಿಬಿಡುತ್ತೇನೆ. (ನಮ್ಮ ಓನರಿಗೆ ಕನ್ನಡ ಬಾರದು, ಪುಣ್ಯ.)

ಚೀಟಿ ಕೈಗೆ ಬಂದೊಡನೆ ನಾನು ನೋಡುವುದು ಅರವತ್ತು ದಿನದ ಅವಕಾಶ. 2023ರ ಸೆಪ್ಟೆಂಬರಿನಿಂದ, ಕಾಯಿಲೆ ಹತೋಟಿಯಲ್ಲಿದ್ದರೆ ಹಲವು ಔಷಧಗಳನ್ನು ಒಂದೇ ಪಾವತಿಗೆ ಎರಡು ತಿಂಗಳಿಗಾಗುವಷ್ಟು ಕೊಡಬಹುದು. ಆದರೆ ಡಾಕ್ಟರು ಹಾಗೆಂದು ಬರೆದಿರಬೇಕು. ಬರೆದಿಲ್ಲವೆಂದರೆ ಕ್ಲಿನಿಕ್ಕಿಗೆ ಫೋನ್ ಮಾಡುತ್ತೇನೆ. ಕೆಲವು ಬ್ರ್ಯಾಂಡ್‌ಗಳಿಗೆ ಕಂಪನಿ ಹಾಕುವ ಹೆಚ್ಚುವರಿ ದರವನ್ನು ಸರ್ಕಾರ ಕಟ್ಟುವುದಿಲ್ಲ. ಡಾಕ್ಟರು ಬದಲಿ ಬೇಡ ಎಂದಿಲ್ಲದಿದ್ದರೆ, ರೋಗಿಯನ್ನು ಕೇಳಿ ಬೇರೆ ಬ್ರ್ಯಾಂಡ್ ಕೊಡುತ್ತೇನೆ.

ನಮ್ಮವರು ಎಡವುವುದು ‘ಸೇಫ್ಟಿ ನೆಟ್’ ಲೆಕ್ಕದಲ್ಲಿ. ಕುಟುಂಬದ ವರ್ಷದ ಔಷಧ ಖರ್ಚು ನಿಗದಿತ ಮೊತ್ತ ದಾಟಿದರೆ ಆಮೇಲೆ ದರ ಇಳಿಯುತ್ತದೆ, ಕಾರ್ಡಿನವರಿಗೆ ಉಚಿತ. ಆದರೆ ಇಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಅವಲಂಬಿತ ಮಕ್ಕಳು ಅಷ್ಟೆ. ಒಂದೇ ಮನೆಯಲ್ಲಿದ್ದರೂ ಅಪ್ಪ ಅಮ್ಮನ ಲೆಕ್ಕ ಬೇರೆ! ಬೇರೆಬೇರೆ ಅಂಗಡಿಯಲ್ಲಿ ಕೊಳ್ಳುವವರು ರಸೀದಿಗಳನ್ನು ಜೋಪಾನ ಮಾಡಬೇಕು.

ಮಗಳ ಬಾಣಂತನಕ್ಕೆಂದು ಮೈಸೂರಿನಿಂದ, ಹುಬ್ಬಳ್ಳಿಯಿಂದ ಬರುವ ಅಮ್ಮಂದಿರಿಗೆ ಇದಾವುದೂ ಅನ್ವಯಿಸದು. ವಿಸಿಟರ್ ವೀಸಾದವರಿಗೆ ಮೆಡಿಕೇರ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಇಲ್ಲ; ಈ ವಿಷಯದಲ್ಲಿ ಭಾರತದೊಂದಿಗೆ ಒಪ್ಪಂದವೂ ಇಲ್ಲ. ಊರಿನ ಡಾಕ್ಟರ ಚೀಟಿಗೆ ನಾನು ಔಷಧ ಕೊಡುವಂತಿಲ್ಲ. ಇಲ್ಲಿನ ಡಾಕ್ಟರ ಫೀಸು ಕೊಟ್ಟು ಚೀಟಿ ಬರೆಸಿ, ಔಷಧಕ್ಕೆ ಪೂರ್ತಿ ಬೆಲೆ ತೆರಬೇಕು. ‘ಅಯ್ಯೋ, ಇಷ್ಟಾ?’ ಎಂದು ಹೌಹಾರಿದವರನ್ನು ಕಂಡೂ ಕಂಡೂ, ಟಿಕೆಟ್ ಮಾಡಿಸುವ ಮೊದಲೇ ನನಗೆ ಫೋನ್ ಮಾಡಿ ಎಂದು ಪರಿಚಯದವರಿಗೆಲ್ಲ ಹೇಳಿಟ್ಟಿದ್ದೇನೆ. ಮೂರು ತಿಂಗಳಿಗಾಗುವಷ್ಟು ಸ್ವಂತ ಔಷಧ ತರಲು ಅವಕಾಶವಿದೆ. ಮಾತ್ರೆಯ ಸ್ಟ್ರಿಪ್ ಕತ್ತರಿಸಿ ಡಬ್ಬಿಗೆ ಸುರಿಯದೆ, ಮೂಲ ಪ್ಯಾಕಿನಲ್ಲೇ, ಡಾಕ್ಟರ ಇಂಗ್ಲಿಷ್ ಪತ್ರದ ಜೊತೆ ತನ್ನಿ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಔಷಧ ಇದೆಯೆಂದೇ ಗುರುತು ಹಾಕಿ.