ನನ್ನ ಕೊಳಗ ಎಷ್ಟು ದೊಡ್ಡದು?

ದಿನದ ಒಂದು ಘಟನೆಯಲ್ಲಿ ಯಾರಿಗೆ ಏನಾಯಿತೆಂದು ರಾತ್ರಿ ನಾಲ್ಕು ಸಾಲು ಬರೆದಿಡುವುದು ನನ್ನ ಅಭ್ಯಾಸ. ಅದನ್ನು ಶುರುಮಾಡಲು ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಕಾಲವೇ ಸರಿ. ಗೊನೆ ಕೊಯ್ಯುವ ಕೊನೆಗಾರ ಮರದ ಮೇಲೆ, ಸುಲಿಯುವವರು ಅಂಗಳದಲ್ಲಿ, ಲೆಕ್ಕದ ಪುಸ್ತಕ ಜಗಲಿಯಲ್ಲಿ, ಎಲ್ಲರಿಗೂ ಅವಸರ. ಅವಸರದಲ್ಲಿ ಕಣ್ಣು ಮಂದ. 1973ರಲ್ಲಿ ಪ್ರಕಟವಾದ, ಅಮೆರಿಕದ ಪ್ರಿನ್ಸ್‌ಟನ್‌ನ ಪ್ರಯೋಗವೊಂದರಲ್ಲಿ, ದಾರಿಬದಿ ನರಳುತ್ತಿದ್ದವನಿಗೆ ನೆರವಾದವರು ಪುರುಸೊತ್ತಿದ್ದವರಲ್ಲಿ ಶೇ. 63, ತೀರಾ ಅವಸರದಲ್ಲಿದ್ದವರಲ್ಲಿ ಶೇ. 10. ಹೋಗುತ್ತಿದ್ದವರೆಲ್ಲ ಕ್ರೈಸ್ತ ಧರ್ಮಶಾಸ್ತ್ರದ ವಿದ್ಯಾರ್ಥಿಗಳು!

ಮನಃಶಾಸ್ತ್ರಜ್ಞ ಜೇಮ್ಸ್ ರೆಸ್ಟ್ ನೈತಿಕ ನಡವಳಿಕೆಯನ್ನು ನಾಲ್ಕು ಭಾಗವಾಗಿ ಬಿಡಿಸಿ ಸೂಕ್ಷ್ಮತೆಯನ್ನು ಮೊದಲಿಗೆ ಇಟ್ಟರು. ಯಾರಿಗೆ ಏನಾಗುತ್ತಿದೆ ಎಂಬುದೇ ಕಾಣದಿದ್ದರೆ ಸರಿ-ತಪ್ಪಿನ ತೀರ್ಮಾನಕ್ಕೆ ವಿಷಯವೇ ಸಿಗುವುದಿಲ್ಲ. ಹಾಗಾಗಿ ನನ್ನ ಟಿಪ್ಪಣಿಯಲ್ಲಿ ತೀರ್ಪಿಗೆ ಜಾಗವಿಲ್ಲ.

ರಾತ್ರಿ ಊಟಕ್ಕೆ ಮುಂಚೆ ಹದಿನೈದು ನಿಮಿಷ, ಒಂದೇ ಘಟನೆ, ನಾಲ್ಕು ಸಾಲು. ಮೊದಲ ಸಾಲಿನಲ್ಲಿ ನಡೆದದ್ದು ಮಾತ್ರ. ‘ಒರಟಾಗಿ ಮಾತಾಡಿದೆ’ ಎಂದಲ್ಲ, ಆಡಿದ ಮಾತನ್ನೇ ಬರೆಯಬೇಕು. ಎರಡನೆಯದರಲ್ಲಿ ಅದು ತಟ್ಟಿದವರೆಲ್ಲರ ಹೆಸರು. ಕಷ್ಟದ ಸಾಲು ಇದೇ, ಎದುರಿಗಿಲ್ಲದವರು ಬಿಟ್ಟುಹೋಗುತ್ತಾರೆ. ಮಾಡಿದ ತಪ್ಪುಗಳನ್ನು ನೆನೆದು ಒಪ್ಪಿಕೊಳ್ಳುವ ಜೈನರ ವಿಧಿಯಾದ ಪ್ರತಿಕ್ರಮಣದಲ್ಲಿ ನೋಯಿಸಿದ ಜೀವಿಗಳನ್ನು ಒಂದು ಇಂದ್ರಿಯದವುಗಳಿಂದ ಐದು ಇಂದ್ರಿಯದವುಗಳವರೆಗೆ ನೆನೆಯುವ ಕ್ರಮವಿದೆ. ನಾನೂ ಹಾಗೇ ಕೆಳಗಿನಿಂದ ಎಣಿಸುತ್ತೇನೆ. ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಕಲಸಿ ಹೊಡೆದ ದಿನ ಡ್ರಮ್ ತೊಳೆದ ನೀರು ಹಳ್ಳಕ್ಕೆ ಹೋದರೆ, ಆ ಸಾಲಿನಲ್ಲಿ ಮೀನೂ ಬರಬೇಕು. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ.

ಮೂರನೆಯದು ಕೊಳಗದ ಸಾಲು. ಶಿವಮೊಗ್ಗ ಜಿಲ್ಲೆಯ ಗೇಣಿದಾರರು ಭೂಮಾಲೀಕರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ದೊಡ್ಡ ತಕರಾರು. ಅಳೆದು ಕೊಡುವವರಿಗೆ ಅದು ಅನ್ಯಾಯ, ಅಳೆಸಿಕೊಳ್ಳುವವರಿಗೆ ರೂಢಿ. ಇವತ್ತು ನನ್ನ ಕೈಯಲ್ಲಿರುವ ಅಳತೆ ಯಾವುದು ಎಂದು ಕೇಳಿಕೊಳ್ಳುತ್ತೇನೆ: ಕೂಲಿಯ ಲೆಕ್ಕಕ್ಕೆ ಸುಲಿದ ಅಡಿಕೆಯ ಡಬ್ಬವನ್ನು ಬಾಯಿಮಟ್ಟಕ್ಕೆ ತುಂಬಿಸಿಕೊಂಡೆನೋ, ರಾಶಿಯೇರಿಸಿಯೋ? ಚಹಾ ಯಾರಿಗೆ ಯಾವ ಲೋಟದಲ್ಲಿ, ಎಲ್ಲಿ ಕೂತು? ‘ಮೊದಲಿಂದ ಹೀಗೇ’ ಎಂಬ ಉತ್ತರ ಬಂದ ಜಾಗದಲ್ಲಿ ಇನ್ನೊಂದು ದಿನ ಕೂರುತ್ತೇನೆ. ಕಾಣದೆ ಉಳಿದದ್ದು ಹೆಚ್ಚಾಗಿ ಅಲ್ಲೇ ಇರುತ್ತದೆ.

ಕೊನೆಯ ಸಾಲು ನಾಳೆಯ ಒಂದು ಕೆಲಸ ಅಥವಾ ಒಂದು ಪ್ರಶ್ನೆ.

ಕೆಡುವುದು ಎಲ್ಲಿ? ಮುಖ್ಯವಾಗಿ ಪಶ್ಚಾತ್ತಾಪದಲ್ಲಿ. ‘ಛೆ, ನಾನೆಂಥವನು’ ಎಂದು ಬರೆದ ಕ್ಷಣ ನೊಂದವರು ಪುಟದಿಂದ ಮಾಯ, ಉಳಿಯುವುದು ನಾನೇ. ಅಂಥ ವಾಕ್ಯವನ್ನು ಹೊಡೆದುಹಾಕಿ, ಅವರ ಹೆಸರಿನಿಂದ ಹೊಸ ವಾಕ್ಯ ಶುರುಮಾಡಬೇಕು. ಹರಿತವಾದ ಕಣ್ಣು ಪಕ್ಕದ ಮನೆಯ ಜಗಲಿಯತ್ತ ತಿರುಗುವುದೂ ಉಂಟು. ಬೇರೆಯವರ ತಪ್ಪಿಗೆ ಆ ಪುಸ್ತಕದಲ್ಲಿ ಅರ್ಧ ಸಾಲನ್ನೂ ಕೊಡಬಾರದು.

ಪ್ರಶ್ನೆ ಕೇಳುವಾಗಲೂ ಎಚ್ಚರ. ನಾಲ್ಕು ಜನರ ಮುಂದೆ ‘ನಿಂಗೇನಾದ್ರೂ ಬೇಜಾರಾಯ್ತೇನೋ?’ ಅಂದರೆ ‘ಏನಿಲ್ಲ ಬಿಡಿ ಅಯ್ಯಾ’ ಎನ್ನದೆ ಬೇರೆ ದಾರಿಯಿಲ್ಲ. ಕೂಲಿ ಕೊಡುವವನ ಎದುರು ‘ಹೌದು’ ಎನ್ನುವುದು ಸುಲಭವಲ್ಲ. ಅದರ ಬದಲು ಒಬ್ಬರೇ ಇದ್ದಾಗ, ಎರಡರಲ್ಲಿ ಒಂದನ್ನು ಆರಿಸುವಂತೆ ಕೇಳಬೇಕು: ‘ಬಟವಾಡೆ ವಾರದ ಕೊನೆಗೆ ಬೇಕಾ, ಸಂತೆಯ ಹಿಂದಿನ ದಿನ ಬೇಕಾ?’

ತಿಂಗಳಿಗೊಮ್ಮೆ ಎರಡನೆಯ ಸಾಲುಗಳನ್ನಷ್ಟೇ ಓದುತ್ತೇನೆ, ಒಮ್ಮೆಯೂ ಬಾರದ ಹೆಸರು ಯಾವುದೆಂದು ಹುಡುಕಲು. ಕೊಟ್ಟಿಗೆ ಬಾಚುವವಳದೋ, ಇಷ್ಟು ಜನರಿಗೆ ಚಹಾ ಕಾಸಿದವಳದೋ ಆಗಿರುವುದೇ ಹೆಚ್ಚು. ಮುಂದಿನ ತಿಂಗಳ ಮೊದಲ ಪುಟಕ್ಕೆ ಆ ಹೆಸರು.